ಲೈನ್ ಇಲ್ಲದ ತೋಟದ ಮನೆ: ಜನರೇಟರ್ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವುದು ಹೇಗೆ?

ಪುಷ್ಯ ಮಳೆ ಹಿಡಿದು ನಾಲ್ಕನೇ ರಾತ್ರಿ. ಮೂರು ದಿನದಿಂದ ಬಿಸಿಲಿನ ಸುಳಿವಿರಲಿಲ್ಲ. ಸೋಲಾರ್ ಬ್ಯಾಟರಿಗಳು ಇಳಿದು ಇನ್ವರ್ಟರ್ ಕೂಗಿಕೊಂಡು ಆಫ್ ಆಯಿತು. ಇಂಥ ಹೊತ್ತಿಗೆಂದೇ ಡೀಸೆಲ್ ಜನರೇಟರ್ ಇಟ್ಟುಕೊಂಡಿದ್ದೇವಲ್ಲ ಎಂದು ಕೊಡೆ ಹಿಡಿದು ಶೆಡ್ಡಿಗೆ ಹೋದೆ. ಕಂಟ್ರೋಲ್ ಪ್ಯಾನೆಲ್ಲಿನ ಸಣ್ಣ ಹಸಿರು ದೀಪ ಮಂಕಾಗಿ ಉರಿಯುತ್ತಿತ್ತು. ಕೀ ತಿರುಗಿಸಿದೆ. ‘ಟಕ್’ ಅಂದಿತು. ಮತ್ತೆ ತಿರುಗಿಸಿದೆ. ‘ಟಕ್ ಟಕ್ ಟಕ್’. ಸೆಲ್ಫ್ ಅಲುಗಾಡಲಿಲ್ಲ, ಹಸಿರು ದೀಪವೂ ಆರಿಹೋಯಿತು. ಟ್ಯಾಂಕಿನ ತುಂಬ ಡೀಸೆಲ್ ಇತ್ತು, ಆಯಿಲ್ ಬದಲಿಸಿ ತಿಂಗಳಾಗಿತ್ತು. ಇಳಿದದ್ದು ಬ್ಯಾಟರಿ ಒಂದೇ. ಬೆಳಗಾದ ಮೇಲೆ ಮೂರು ಕಿಲೋಮೀಟರ್ ನಡೆದು, ರಸ್ತೆ ಪಕ್ಕದ ಮನೆಯವರ ಜೀಪಿನ ಬ್ಯಾಟರಿ ಬಿಚ್ಚಿಸಿ, ಗೋಣಿಚೀಲದಲ್ಲಿ ಕಟ್ಟಿ ಕೋಲಿಗೆ ಸಿಕ್ಕಿಸಿ ಇಬ್ಬರು ಹೊತ್ತು ತಂದೆವು. ಉಂಬಳ ಕಿತ್ತು ಹಾಕುವುದಕ್ಕೂ ಕೈ ಬಿಡುವಿರಲಿಲ್ಲ.

ಮಲೆನಾಡಿನಲ್ಲಿ ಕಾಡಿನ ಒಳಗಿನ ಎಷ್ಟೋ ಒಂಟಿಮನೆಗಳದ್ದು ಇದೇ ಪಾಡು. ಸೋಲಾರ್ ಇದೆ, ಮಳೆಗಾಲಕ್ಕೆ ಆಸರೆಯಾಗಿ ಜನರೇಟರ್ ಇದೆ, ಆ ಜನರೇಟರನ್ನು ಎಬ್ಬಿಸುವ 12 ವೋಲ್ಟ್ ಬ್ಯಾಟರಿಯನ್ನು ಕೇಳುವವರಿಲ್ಲ. ಆ ರಾತ್ರಿಯ ನಂತರ ಮಾಡಿಕೊಂಡ ಏರ್ಪಾಡನ್ನು ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಣ್ಣ ಪೆಟ್ರೋಲ್ ಜನರೇಟರ್ ನಿಮ್ಮದಾದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಕೀ ತಿರುಗಿಸಿ ಎಬ್ಬಿಸುವ ಡೀಸೆಲ್ ಸೆಟ್ ಇದ್ದವರು ಪೂರ್ತಿ ಓದಿ.

ಚಾರ್ಜ್ ಹೋಗುವುದು ಎಲ್ಲಿಗೆ?

ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. ಸ್ಟಾರ್ಟರ್ 200 ಆಂಪಿಯರ್ ಎಳೆದುಕೊಂಡು 5 ಸೆಕೆಂಡ್ ತಿರುಗಿದರೆ ಖರ್ಚಾಗುವುದು 0.28 ಎಎಚ್ (ಆಂಪಿಯರ್-ಅವರ್, ಅಂದರೆ ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಮಾತ್ರ. ಎಂಜಿನ್ ಓಡತೊಡಗಿದ ಹತ್ತು ನಿಮಿಷದೊಳಗೆ ಅದರ ಡೈನಮೋ ಅಷ್ಟನ್ನೂ ತುಂಬಿಕೊಡುತ್ತದೆ. ಬ್ಯಾಟರಿ ಸಾಯುವುದು ದುಡಿದು ಅಲ್ಲ, ಸುಮ್ಮನೆ ಕೂತು.

ಕೂತಲ್ಲೇ ಎರಡು ಕಡೆಯಿಂದ ಸೋರುತ್ತದೆ. ಒಂದು, ಬ್ಯಾಟರಿಯ ಒಳಗಿನ ಸ್ವಂತ ಸೋರಿಕೆ. ನೀರು ಹಾಕುವ ಮಾದರಿಯ ಲೆಡ್ ಆಸಿಡ್ ಬ್ಯಾಟರಿ ತಿಂಗಳಿಗೆ ನೂರಕ್ಕೆ ಐದರಷ್ಟನ್ನು ತಾನಾಗಿಯೇ ಕಳೆದುಕೊಳ್ಳುತ್ತದೆ. ಬ್ಯಾಟರಿ ಬಿಸಿಯಾದಷ್ಟೂ ಸೋರಿಕೆ ಹೆಚ್ಚು. 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ದುಪ್ಪಟ್ಟು. ಏಪ್ರಿಲ್ ತಿಂಗಳ ತಗಡಿನ ಶೆಡ್ ನೆನಪಿಸಿಕೊಳ್ಳಿ. ಇನ್ನೊಂದು, ಕಂಟ್ರೋಲ್ ಪ್ಯಾನೆಲ್. ಆ ಹಸಿರು ದೀಪ, ಡಿಸ್‌ಪ್ಲೇ, ಒಳಗಿನ ಸರ್ಕ್ಯೂಟ್ ಎಲ್ಲವೂ ಇದೇ ಬ್ಯಾಟರಿಯಿಂದ ಹಗಲಿರುಳೂ ಕುಡಿಯುತ್ತಿರುತ್ತವೆ. ನನ್ನ ಸೆಟ್ಟಿನಲ್ಲಿ ಅಳೆದಾಗ ಸಿಕ್ಕಿದ್ದು 90 ಮಿಲಿಆಂಪಿಯರ್. ಏನೂ ಅಲ್ಲವೆನ್ನಿಸುವ ಅಂಕಿ. ಆದರೆ ದಿನಕ್ಕೆ 2.16 ಎಎಚ್, ತಿಂಗಳಿಗೆ 65 ಎಎಚ್! 80 ಎಎಚ್ ಬ್ಯಾಟರಿ ಹತ್ತೊಂಬತ್ತು ದಿನಕ್ಕೆ ಅರ್ಧ ಖಾಲಿ.

ಹಾಗಾದರೆ ಪೇಟೆಯ ಆಸ್ಪತ್ರೆ, ಅಪಾರ್ಟ್‌ಮೆಂಟುಗಳಲ್ಲಿ ತಿಂಗಳುಗಟ್ಟಲೆ ಸುಮ್ಮನಿರುವ ಜನರೇಟರ್ ಹೇಗೆ ತಟ್ಟನೆ ಏಳುತ್ತದೆ? ಲೈನ್ ಹೋದೊಡನೆ ತಾನಾಗಿಯೇ ಜನರೇಟರ್ ಎಬ್ಬಿಸುವ ಅಲ್ಲಿನ ಎಎಂಎಫ್ ಪ್ಯಾನೆಲ್ ಒಳಗೆ ಒಂದು ಸಣ್ಣ ಚಾರ್ಜರ್ ಇರುತ್ತದೆ. ಅದು ಲೈನ್ ಕರೆಂಟಿನಿಂದ ಬ್ಯಾಟರಿಯನ್ನು ಸದಾ ತುಂಬಿಟ್ಟಿರುತ್ತದೆ. ಲೈನೇ ಇಲ್ಲದ ಮನೆಗೆ ಅದೇ ಪ್ಯಾನೆಲ್ ತಂದರೆ ಚಾರ್ಜರ್ ಒಂದು ದಿನವೂ ಕೆಲಸ ಮಾಡುವುದಿಲ್ಲ, ಕುಡಿಯುವ ಭಾಗ ಮಾತ್ರ ಕುಡಿಯುತ್ತಲೇ ಇರುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಮೊದಲು ಇರುವ ಬ್ಯಾಟರಿಯ ಆರೋಗ್ಯ ನೋಡಿ

ಸತ್ತ ಬ್ಯಾಟರಿಗೆ ಸೋಲಾರ್ ಕಟ್ಟಿದರೆ ದುಡ್ಡು ದಂಡ. ಒಂದು ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ, ಸಾಧಾರಣದ್ದೇ ಸಾಕು. ಎಂಜಿನ್ ನಿಲ್ಲಿಸಿ, ಚಾರ್ಜಿಂಗ್ ಯಾವುದೂ ಇಲ್ಲದೆ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಟರ್ಮಿನಲ್‌ಗಳ ಮೇಲೆ ಅಳೆಯಿರಿ. 12.6 ವೋಲ್ಟ್ ಮತ್ತು ಅದಕ್ಕಿಂತ ಮೇಲಿದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12.0ಕ್ಕೆ ಇಳಿದಿದ್ದರೆ ಕಾಲು ಭಾಗ ಉಳಿದಿದೆ ಅಷ್ಟೇ. 11.8 ಕಂಡರೆ ಖಾಲಿ ಎಂದೇ ತಿಳಿಯಿರಿ. 12 ವೋಲ್ಟ್ ಬ್ಯಾಟರಿಯಲ್ಲಿ 12 ವೋಲ್ಟ್ ತೋರಿಸುತ್ತಿದೆಯಲ್ಲ, ಸರಿಯಿದೆ ಎಂದು ಸಮಾಧಾನ ಪಟ್ಟುಕೊಳ್ಳುವವರು ಬಹಳ. ಅಲ್ಲೇ ಮೋಸ ಹೋಗುವುದು.

ಎರಡನೆಯ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಮೀಟರ್ ಹಿಡಿದಿರಲಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ತಿರುಗುವ ಆ ಮೂರು ನಾಲ್ಕು ಸೆಕೆಂಡಿನಲ್ಲಿ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು. ತುಂಬಿದ ಬ್ಯಾಟರಿಯೇ ಅಷ್ಟು ಬಿದ್ದರೆ ಅದರ ಆಯುಸ್ಸು ಮುಗಿಯುತ್ತ ಬಂದಿದೆ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ಆರು ಸೆಲ್‌ಗಳನ್ನೂ ನೋಡಿ. ನಮ್ಮ ಹವೆಗೆಂದು ತಯಾರಾಗುವ ಬ್ಯಾಟರಿಗಳಲ್ಲಿ ಪೂರ್ತಿ ಚಾರ್ಜ್ ಆದಾಗ ಸಾಮಾನ್ಯವಾಗಿ 1.240ರಿಂದ 1.260 ಬರುತ್ತದೆ. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಸೆಲ್ ಹೋಗಿದೆ, ಚಾರ್ಜ್ ಮಾಡಿ ಪ್ರಯೋಜನವಿಲ್ಲ. ಪ್ಲೇಟಿನ ಮೇಲೆ ಒಂದು ಸೆಂಟಿಮೀಟರ್‌ನಷ್ಟು ನೀರು ನಿಂತಿರಬೇಕು. ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಹಳ್ಳದ ನೀರು, ಮಾಡಿನಿಂದ ಹಿಡಿದ ಮಳೆನೀರು ಎರಡೂ ಬೇಡ. ಆಸಿಡ್ ಅಂತೂ ಹಾಕಲೇಬೇಡಿ. ಬ್ಯಾಟರಿಯಿಂದ ಆರಿಹೋಗುವುದು ನೀರೇ ಹೊರತು ಆಸಿಡ್ ಅಲ್ಲ.

ಇನ್ವರ್ಟರಿನ ಹಳೆಯ ಟ್ಯೂಬ್ಯುಲರ್ ಬ್ಯಾಟರಿಯನ್ನು ಜನರೇಟರಿಗೆ ಹಾಕಿಕೊಂಡವರನ್ನು ನೋಡಿದ್ದೇನೆ. ಅದು ನಿಧಾನಕ್ಕೆ ಗಂಟೆಗಟ್ಟಲೆ ಕೊಡಲೆಂದು ಮಾಡಿದ್ದು. ಸೆಲ್ಫ್‌ಗೆ ಬೇಕಾದದ್ದು ಕೆಲವೇ ಸೆಕೆಂಡಿನ ಭಾರೀ ಹೊಡೆತ. ಅದಕ್ಕೆ ಟ್ರ್ಯಾಕ್ಟರ್, ಜೀಪುಗಳಿಗೆ ಹಾಕುವ ಮಾದರಿಯೇ ಸರಿ.

ಟರ್ಮಿನಲ್ ಕಿಲುಬು

ಟರ್ಮಿನಲ್ ಮೇಲೆ ಬಿಳಿ, ನೀಲಿ ಹೂವಿನ ಹಾಗೆ ಕಿಲುಬು ಕೂತಿದ್ದರೆ ಬ್ಯಾಟರಿ ತುಂಬಿದ್ದರೂ ಸೆಲ್ಫ್ ‘ಟಕ್’ ಅನ್ನುತ್ತದೆ. ಮಲೆನಾಡಿನ ತೇವಕ್ಕೆ ಇದು ಬೇಗ ಬರುತ್ತದೆ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಇದು ಕೈಗೆ ಅಭ್ಯಾಸವಾಗಬೇಕು. ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಎಂಜಿನ್ನಿನ ಕಬ್ಬಿಣಕ್ಕೆ ತಾಗಿದರೆ ಏಳುವ ಕಿಡಿ, ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್‌ಗೆ ಹತ್ತಿಕೊಂಡರೆ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಹಾರುತ್ತದೆ. ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಆಸಿಡ್ ಬಿದ್ದರೆ ಕಾಲು ಗಂಟೆ ಬಿಡದೆ ನೀರು ಹುಯ್ದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ನೊರೆ ಬಂದು ಕಿಲುಬು ಕರಗುತ್ತದೆ. ಸೋಡಾ ನೀರು ಸೆಲ್ ಒಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಒಣಬಟ್ಟೆಯಲ್ಲಿ ಒರೆಸಿ, ಕ್ಲಾಂಪ್ ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬ್ಯಾಟರಿಯ ಮೇಲ್ಮೈಯನ್ನೂ ಒಣಗಿಸಿಡಿ. ಧೂಳು, ತೇವ ಸೇರಿದ ಪದರದಲ್ಲೂ ಸಣ್ಣಗೆ ಕರೆಂಟ್ ಹರಿಯುತ್ತದೆ.

ಸೋರಿಕೆ ಅಳೆದು, ಅದಕ್ಕೆ ಬಾಗಿಲು ಹಾಕುವುದು

ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ. ಎಂಜಿನ್ ಆಫ್, ಕೀ ಆಫ್. ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ನಡುವೆ ಮೀಟರ್ ಸೇರಿಸಿ. ತೋರಿಸುವ ಅಂಕಿಯೇ ನಿಮ್ಮ ದಿನನಿತ್ಯದ ಸೋರಿಕೆ. ಹೀಗೆ ಮೀಟರ್ ಇರುವಾಗ ಯಾರೂ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟುಹೋಗುತ್ತದೆ. ಅಳೆದಾದ ಮೇಲೆ ಕೆಂಪು ತಂತಿಯನ್ನು ವೋಲ್ಟ್ ತೂತಿಗೇ ವಾಪಸ್ ಹಾಕಿಡಿ. ಮರೆತು ಅದರಲ್ಲೇ ವೋಲ್ಟೇಜ್ ಅಳೆಯಲು ಹೋದರೆ ನೇರ ಶಾರ್ಟ್.

ಜನರೇಟರನ್ನು ನೀವೇ ಹೋಗಿ ಕೀ ತಿರುಗಿಸಿ ಎಬ್ಬಿಸುವುದಾದರೆ ಪರಿಹಾರ ಸುಲಭ ಮತ್ತು ಅಗ್ಗ: ನೆಗೆಟಿವ್ ಕೇಬಲ್ಲಿಗೆ ಒಂದು ಬ್ಯಾಟರಿ ಕಟ್-ಆಫ್ ಸ್ವಿಚ್. ಲಾರಿಗಳಿಗೆ ಹಾಕುವಂಥದ್ದು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಸ್ಟಾರ್ಟರಿನ ಪೂರ್ತಿ ಕರೆಂಟ್ ತಡೆಯುವ ದಪ್ಪನೆಯದನ್ನೇ ಕೊಳ್ಳಿ. ಕೆಲಸ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿದರೆ ಕಂಟ್ರೋಲ್ ಪ್ಯಾನೆಲ್ಲಿನ ಸೋರಿಕೆ ಸೊನ್ನೆ. ಒಂದು ಎಚ್ಚರಿಕೆಯನ್ನು ನಾನು ಸ್ವಿಚ್ ಪಕ್ಕದಲ್ಲೇ ಪೇಂಟಿನಲ್ಲಿ ಬರೆದಿದ್ದೇನೆ: ‘ಎಂಜಿನ್ ಓಡುವಾಗ ಮುಟ್ಟಬೇಡಿ’. ಓಡುವಾಗ ಬ್ಯಾಟರಿ ತಪ್ಪಿಸಿದರೆ ವೋಲ್ಟೇಜ್ ಥಟ್ಟನೆ ಏರಿ ಡೈನಮೋದ ಡಯೋಡೂ ಕಂಟ್ರೋಲ್ ಪ್ಯಾನೆಲ್ಲೂ ಸುಡಬಹುದು.

ಇನ್ವರ್ಟರೇ ಸಿಗ್ನಲ್ ಕೊಟ್ಟು ಜನರೇಟರ್ ಎಬ್ಬಿಸುವ ಏರ್ಪಾಡಿದ್ದರೆ ಈ ಸ್ವಿಚ್ ಆಫ್ ಮಾಡುವಂತಿಲ್ಲ, ಕಂಟ್ರೋಲ್ ಪ್ಯಾನೆಲ್ ಎಚ್ಚರವಾಗಿಯೇ ಇರಬೇಕು. ಆಗ ಸೋರಿಕೆಯಷ್ಟನ್ನೂ ತುಂಬುವ ಸೋಲಾರ್ ಬೇಕಾಗುತ್ತದೆ.

ಬ್ಯಾಟರಿಗೆ ಅದರದ್ದೇ ಸೋಲಾರ್

ಮನೆಯ ಮೇಲೆ ಅಷ್ಟೊಂದು ಪ್ಯಾನೆಲ್ ಇರುವಾಗ ಇದಕ್ಕೆ ಬೇರೆ ಯಾಕೆ ಎಂದು ಕೇಳಬಹುದು. ಜನರೇಟರ್ ಬೇಕಾಗುವುದು ಯಾವಾಗ? ಮನೆಯ ಸೋಲಾರ್, ಇನ್ವರ್ಟರ್ ಎರಡೂ ಕೈಕೊಟ್ಟಾಗ. ಇನ್ವರ್ಟರಿನಿಂದ ಚಾರ್ಜ್ ಆಗುವ ಬ್ಯಾಟರಿ ಅದೇ ಗಳಿಗೆಯಲ್ಲಿ ಅನಾಥ. ಆದ್ದರಿಂದ ಎಬ್ಬಿಸುವ ಬ್ಯಾಟರಿಯ ದಾರಿ ಬೇರೆಯೇ ಇರಲಿ.

ಪ್ಯಾನೆಲ್ ಎಷ್ಟು ದೊಡ್ಡದು ಬೇಕೆಂದು ಬಿಸಿಲುಗಾಲದ ಲೆಕ್ಕ ಹಿಡಿದರೆ ಕೆಡುತ್ತೇವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಆರಿದ್ರಾ ಹಿಡಿಯಿತೆಂದರೆ ಆಶ್ಲೇಷಾ ಮುಗಿಯುವ ತನಕ ಮೋಡ ಕದಲುವುದಿಲ್ಲ. ಜಡಿಮಳೆಯ ದಿನ ಪ್ಯಾನೆಲ್ ಕೊಡುವುದು ಒಳ್ಳೆಯ ಬಿಸಿಲಿನ ದಿನದ ಐದನೇ ಒಂದು ಪಾಲು, ಕೆಲವೊಮ್ಮೆ ಹತ್ತನೇ ಒಂದು. ಆ ದಿನದ ಲೆಕ್ಕವನ್ನೇ ಇಟ್ಟುಕೊಳ್ಳಬೇಕು.

ಕಟ್-ಆಫ್ ಸ್ವಿಚ್ ಹಾಕಿದ ಮನೆ: ತುಂಬಬೇಕಾದದ್ದು ಬ್ಯಾಟರಿಯ ಸ್ವಂತ ಸೋರಿಕೆ, ದಿನಕ್ಕೆ 0.13 ಎಎಚ್, ಜೊತೆಗೆ ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರ್ ತನಗೆಂದು ಬಳಸುವ ಸುಮಾರು 10 ಮಿಲಿಆಂಪಿಯರ್, ಅಂದರೆ 0.24 ಎಎಚ್. ಒಟ್ಟು 0.37. 20 ವ್ಯಾಟಿನ 12 ವೋಲ್ಟ್ ಪ್ಯಾನೆಲ್ ಬಿಸಿಲಿನಲ್ಲಿ 1.1 ಆಂಪಿಯರಿನಂತೆ ಐದು ಗಂಟೆ ಕೊಟ್ಟರೆ 5.5 ಎಎಚ್, ಅದರ ಹತ್ತನೇ ಒಂದು ಪಾಲಾದರೂ 0.55. ಸಾಕು. ಕಂಟ್ರೋಲ್ ಪ್ಯಾನೆಲ್ ಎಚ್ಚರವಿರಬೇಕಾದ ಮನೆಗೆ ನನ್ನ 90 ಮಿಲಿಆಂಪಿಯರ್ ಲೆಕ್ಕವೇ ಹಿಡಿದರೂ ದಿನಕ್ಕೆ 2.5 ಎಎಚ್ ಬೇಕು. 40 ವ್ಯಾಟ್ ಪ್ಯಾನೆಲ್ ಜಡಿಮಳೆಯಲ್ಲಿ 1.1ರಿಂದ 2.2 ಕೊಡುತ್ತದೆ, ಸಾಲದು. 75 ವ್ಯಾಟಿಗೆ ಹೋಗಿ. ಅಷ್ಟಿದ್ದರೆ ತೀರಾ ಕತ್ತಲು ಕವಿದ ಕೆಲವು ದಿನಗಳಲ್ಲಿ ಮಾತ್ರ ಸ್ವಲ್ಪ ಇಳಿದು, ಹೊಳವಾದ ದಿನ ತುಂಬಿಕೊಳ್ಳುತ್ತದೆ.

ಪ್ಯಾನೆಲ್ ಜಾಗದ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಾದ್ದು ಹೆಚ್ಚಿದೆ. ಅಡಿಕೆ ಮರದ ಒಂದೇ ಒಂದು ಸೋಗೆಯ ನೆರಳು ಅಡ್ಡ ಬಿದ್ದರೂ, ಸೆಲ್‌ಗಳೆಲ್ಲ ಒಂದರ ಹಿಂದೆ ಒಂದು ಸರಪಳಿಯಾಗಿ ಇರುವುದರಿಂದ, ಇಡೀ ಪ್ಯಾನೆಲ್ಲಿನ ಕರೆಂಟ್ ಕುಸಿಯುತ್ತದೆ. ಶೆಡ್ ಮರಗಳ ಅಡಿಯಲ್ಲಿದ್ದರೆ ಪ್ಯಾನೆಲ್ಲನ್ನು ಅಂಗಳದಂಚಿಗೆ ತನ್ನಿ. ದಕ್ಷಿಣಕ್ಕೆ ಮುಖ, ಓರೆ 15 ಡಿಗ್ರಿಯಾದರೂ ಇರಲಿ. ತೀರಾ ಚಪ್ಪಟೆ ಇಟ್ಟರೆ ಕೆಳಗಿನ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಏಣಿ ಇಲ್ಲದೆ ಕೈಗೆಟುಕುವ ಎತ್ತರದಲ್ಲಿ ಕಬ್ಬಿಣದ ಪೈಪಿಗೆ ಬಿಗಿದರೆ ಒರೆಸುವುದು ಸುಲಭ. ಮಳೆಯಲ್ಲಿ ಮಾಡಿನ ಮೇಲೆ ಹತ್ತುವ ಕೆಲಸ ಯಾರಿಗೂ ಬೇಡ.

ಜೋಡಿಸುವ ಕ್ರಮ ಹೀಗೆ. ಚಾರ್ಜ್ ಕಂಟ್ರೋಲರನ್ನು ಶೆಡ್ ಒಳಗೆ, ಬ್ಯಾಟರಿಯಿಂದ ಒಂದು ಮೀಟರ್ ಒಳಗೆ, ಆದರೆ ಬ್ಯಾಟರಿಯ ನೆತ್ತಿಯ ಮೇಲೆ ಬೇಡ, ಗೋಡೆಗೆ ಹೊಡೆಯಿರಿ. ಉದ್ದದ ತಂತಿ ಪ್ಯಾನೆಲ್ ಕಡೆಗೆ ಇರಲಿ, ಪ್ಯಾನೆಲ್ಲಿಗೆ 17-18 ವೋಲ್ಟ್ ಇರುವುದರಿಂದ ದಾರಿಯಲ್ಲಿ ಒಂದು ವೋಲ್ಟ್ ಕಳೆದರೂ ನಡೆಯುತ್ತದೆ. ಕಂಟ್ರೋಲರಿನಿಂದ ಬ್ಯಾಟರಿಗೆ ಹೋಗುವ ತಂತಿಯಲ್ಲಿ ಅರ್ಧ ವೋಲ್ಟ್ ಕಳೆದರೂ ಕಂಟ್ರೋಲರ್ ಮೋಸಹೋಗಿ ಬೇಗ ಚಾರ್ಜ್ ಕಡಿಮೆ ಮಾಡುತ್ತದೆ. 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎರಡೂ ಕಡೆಗೆ ಸಾಕು.

ಪಾಸಿಟಿವ್ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿ. 20 ವ್ಯಾಟ್ ಪ್ಯಾನೆಲ್ಲಿಗೆ 3 ಆಂಪಿಯರ್, 75 ವ್ಯಾಟಿಗೆ 7.5. ಇಲಿ ತಂತಿ ಕಡಿದು ಎರಡೂ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ದೂಡಿ ತಂತಿಗೆ ಬೆಂಕಿ ಹತ್ತಿಸಬಲ್ಲದು. ಶೆಡ್ಡಿನಲ್ಲಿ ಡೀಸೆಲ್ ಇದೆ ಎಂಬುದು ನೆನಪಿರಲಿ. ಈ ಎರಡು ತಂತಿಗಳನ್ನು ಕಟ್-ಆಫ್ ಸ್ವಿಚ್ ದಾಟಿಸಿ ನೇರ ಬ್ಯಾಟರಿಯ ಟರ್ಮಿನಲ್ಲಿಗೇ ಕೊಡಿ, ಇಲ್ಲವಾದರೆ ಸ್ವಿಚ್ ಆಫ್ ಮಾಡಿದಾಗ ಚಾರ್ಜಿಂಗೂ ಆಫ್. ಮೊದಲು ಬ್ಯಾಟರಿ ಕಡೆ ಜೋಡಿಸಿ, ಕಂಟ್ರೋಲರಿನ ದೀಪ ಹತ್ತಿದ ಮೇಲೆ ಪ್ಯಾನೆಲ್ ತಂತಿ ಕೊಡಿ. ಬಿಚ್ಚುವಾಗ ತಿರುಗುಮುರುಗು: ಮೊದಲು ಪ್ಯಾನೆಲ್. ಕಂಟ್ರೋಲರಿನಲ್ಲಿ ಬಲ್ಬಿನ ಚಿತ್ರ ಇರುವ ಜಾಗ ಖಾಲಿ ಇರಲಿ, ಸ್ಟಾರ್ಟರ್ ಅಲ್ಲಿಗೆ ಕೊಡುವಂಥದ್ದಲ್ಲ.

ಬ್ಯಾಟರಿಯ ಜಾತಿ ಆರಿಸುವ ಗುಂಡಿ ಇದ್ದರೆ ನಿಮ್ಮದಕ್ಕೆ ಸರಿಹೊಂದಿಸಿ. ನೀರು ಹಾಕುವ ಬ್ಯಾಟರಿಗೆ ತುಂಬುವಾಗ 14.4, ತುಂಬಿದ ಮೇಲೆ ಹಿಡಿದಿಡುವುದಕ್ಕೆ 13.5ರ ಆಸುಪಾಸು. ಬಿಸಿಲಿನ ದಿನ ಮಧ್ಯಾಹ್ನ ಮೀಟರ್ ಹಿಡಿದಾಗ ಈ ಅಂಕಿಗಳು ಕಂಡರೆ ಕೆಲಸ ಸರಿಯಾಗಿದೆ. 15 ಮೀರಿದರೆ ಕಂಟ್ರೋಲರ್ ಕೆಟ್ಟಿದೆ, ಬ್ಯಾಟರಿ ಕುದಿದು ನೀರು ಆರಿಸಿಕೊಳ್ಳುತ್ತದೆ.

ಏಪ್ರಿಲ್, ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಪ್ಯಾನೆಲ್ ತಂತಿ ತಪ್ಪಿಸಲು ಅನುಕೂಲವಾಗುವಂತೆ ಅದಕ್ಕೊಂದು ಪ್ಲಗ್ ಅಥವಾ ಸ್ವಿಚ್ ಇಡಿ. ಗುಡುಗು ಶುರುವಾಗುವ ಮೊದಲೇ ತಪ್ಪಿಸಬೇಕು, ಶುರುವಾದ ಮೇಲೆ ತಂತಿ ಮುಟ್ಟಬಾರದು.

ಹಳ್ಳದ ಟರ್ಬೈನ್ ಇದ್ದವರು, ಇನ್ವರ್ಟರನ್ನೇ ನೆಚ್ಚಿದವರು

ಮಲೆನಾಡಿನಲ್ಲಿ ಪಿಕೋ ಹೈಡ್ರೋ ಹಾಕಿಸಿಕೊಂಡ ಮನೆಗಳಿವೆ. ಒಂದು ಕಿಲೋವ್ಯಾಟಿನ ಟರ್ಬೈನ್ ಇದ್ದವರು ಭಾಗ್ಯವಂತರು: ಸೋಲಾರ್ ಸೊರಗುವ ದಿನಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ. 3ರಿಂದ 5 ಆಂಪಿಯರಿನ ಆಟೋಮ್ಯಾಟಿಕ್ ಚಾರ್ಜರನ್ನು ಟರ್ಬೈನಿನ ಕರೆಂಟಿಗೆ ಕೊಟ್ಟು ಮಳೆಗಾಲವಿಡೀ ಬಿಟ್ಟರಾಯಿತು. ವೋಲ್ಟೇಜ್ ಏರಿಳಿಯುವುದರಿಂದ 100ರಿಂದ 240 ವೋಲ್ಟ್ ತಡೆಯುವ ಚಾರ್ಜರ್ ಕೊಳ್ಳಿ. ಹಳ್ಳ ಬತ್ತಿದ ಮೇಲೆ 20 ವ್ಯಾಟಿನ ಪ್ಯಾನೆಲ್ ಸಾಕು.

ಇನ್ವರ್ಟರಿನಿಂದಲೇ ಚಾರ್ಜ್ ಮಾಡುತ್ತೇನೆ ಎನ್ನುವವರು ಚಾರ್ಜರಿಗೆ ಟೈಮರ್ ಹಾಕಿ, ಬಿಸಿಲೇರಿದ ಮೇಲೆ ಎರಡು ಗಂಟೆ ಓಡಿಸಿದರೆ ಸಾಕು. ಒಂದು ಅಡ್ಡದಾರಿ ಮಾತ್ರ ಹಿಡಿಯಬೇಡಿ. ಮನೆಯಲ್ಲಿ 24 ವೋಲ್ಟಿಗೆ ಎರಡು ಬ್ಯಾಟರಿ ಸರಣಿಯಲ್ಲಿದ್ದರೆ, ಒಂದರಿಂದ ಮಾತ್ರ 12 ವೋಲ್ಟ್ ತಂತಿ ಎಳೆದು ಜನರೇಟರ್ ಬ್ಯಾಟರಿಗೆ ಕೊಡುವವರಿದ್ದಾರೆ. ಆ ಒಂದು ಬ್ಯಾಟರಿ ಯಾವಾಗಲೂ ಹಿಂದೆ ಬೀಳುತ್ತದೆ, ಇನ್ನೊಂದು ಮಿತಿಮೀರಿ ಚಾರ್ಜ್ ಆಗುತ್ತದೆ. ಒಂದೇ ಮಳೆಗಾಲದಲ್ಲಿ ದುಬಾರಿ ಬ್ಯಾಟರಿಗಳ ಜೋಡಿ ಹಾಳಾಗಬಹುದು.

ತಿಂಗಳಿಗೊಮ್ಮೆ ಓಡಿಸಿ, ಲೋಡ್ ಕೊಟ್ಟು ಓಡಿಸಿ

ಬ್ಯಾಟರಿ ತುಂಬಿಸಲೆಂದೇ ಜನರೇಟರನ್ನು ವಾರಕ್ಕೊಮ್ಮೆ ಹತ್ತು ನಿಮಿಷ ಖಾಲಿ ಓಡಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅರ್ಧ ಇಳಿದ ಬ್ಯಾಟರಿ ಹತ್ತು ನಿಮಿಷದಲ್ಲಿ ತುಂಬುವುದಿಲ್ಲ, ಡೀಸೆಲ್ ಎಂಜಿನ್ ಲೋಡಿಲ್ಲದೆ ಓಡಿದರೆ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ಅರೆಬೆಂದ ಡೀಸೆಲ್, ಮಸಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಅರ್ಧ ಗಂಟೆ, ಸಾಮರ್ಥ್ಯದ ಮೂರನೇ ಒಂದು ಪಾಲಾದರೂ ಲೋಡ್ ಕೊಟ್ಟು ಓಡಿಸಿ. ಪಂಪ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮನೆಯ ಬ್ಯಾಟರಿ ಚಾರ್ಜಿಂಗ್, ಏನಾದರೂ ಸರಿ. ಓಡುವಾಗ ಟರ್ಮಿನಲ್ ಮೇಲೆ 13.8ರಿಂದ 14.4 ಬರುತ್ತಿದೆಯೇ ನೋಡಿ. ಬರದಿದ್ದರೆ ಡೈನಮೋ ಬೆಲ್ಟ್ ಸಡಿಲಾಗಿರಬಹುದು. ಮಳೆ ಹೊಡೆಯುತ್ತದೆಂದು ಶೆಡ್ಡಿನ ಬಾಗಿಲು ಮುಚ್ಚಿ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ.

ನಮ್ಮ ಶೆಡ್ಡಿನ ಗೋಡೆಗೆ ಹಳೆಯ ಕ್ಯಾಲೆಂಡರ್ ತಿರುವಿ ಹಾಕಿದ್ದೇನೆ. ದಾರಕ್ಕೆ ಕಟ್ಟಿದ ಪೆನ್ಸಿಲಿನಲ್ಲಿ ತಾರೀಖು, ಬೆಳಗಿನ ವೋಲ್ಟೇಜ್ ಬರೆಯುತ್ತೇವೆ. 12.7, 12.7, 12.6 ಎಂದು ಸಾಲಾಗಿ ಬಂದು ಒಂದು ದಿನ 12.4 ಕಂಡಾಗ ಹೋಗಿ ನೋಡಿದರೆ, ಪ್ಯಾನೆಲ್ ಮೇಲೆ ಒದ್ದೆ ಎಲೆಗಳು ಅಂಟಿಕೊಂಡಿದ್ದವು.

ವರ್ಷದ ದೊಡ್ಡ ತಪಾಸಣೆ ರೋಹಿಣಿ ಮಳೆಗೆ ಮೊದಲು, ಮೇ ಮಧ್ಯದಲ್ಲಿ. ನೀರು, ಟರ್ಮಿನಲ್, ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್, ಫ್ಯೂಸ್, ಇಲಿ ಕಡಿದ ಗುರುತು ಎಲ್ಲ ಒಂದೇ ದಿನ. ಆಮೇಲೆ ಪೇಟೆಗೆ ಹೋಗಿಬರುವ ದಾರಿಯನ್ನು ನಂಬುವಂತಿಲ್ಲ.

ಆದರೂ ಇಳಿದುಬಿಟ್ಟರೆ

ದಪ್ಪನೆಯ ಜಂಪರ್ ಕೇಬಲ್ ಒಂದು ಜೋಡಿ ಶೆಡ್ಡಿನಲ್ಲೇ ತೂಗುಹಾಕಿರಿ. ಜೀಪು, ಟ್ರ್ಯಾಕ್ಟರ್ ಶೆಡ್ ತನಕ ಬರುವಂತಿದ್ದರೆ ಬ್ಯಾಟರಿ ಹೊರುವ ಪಾಡಿಲ್ಲ. ಎರಡೂ 12 ವೋಲ್ಟಿನವೇ ಎಂದು ಖಾತ್ರಿ ಮಾಡಿಕೊಳ್ಳಿ. ಪಾಸಿಟಿವ್‌ನಿಂದ ಪಾಸಿಟಿವ್‌ಗೆ ಕೆಂಪು. ಆಮೇಲೆ ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಅದರ ಇನ್ನೊಂದು ತುದಿ ಜನರೇಟರ್ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ.

ಇಳಿದ ಬ್ಯಾಟರಿಯನ್ನು ಹಾಗೇ ಬಿಡಬೇಡಿ. ಖಾಲಿ ಬಿದ್ದಷ್ಟು ದಿನವೂ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತ ಹೋಗುತ್ತದೆ. ಎರಡು ಮೂರು ದಿನದೊಳಗಾದರೆ ನಿಧಾನವಾಗಿ, 80 ಎಎಚ್ ಬ್ಯಾಟರಿಗೆ 4ರಿಂದ 8 ಆಂಪಿಯರಿನಲ್ಲಿ, ರಾತ್ರಿಯಿಡೀ ಚಾರ್ಜ್ ಮಾಡಿದರೆ ಬಹುತೇಕ ಚೇತರಿಸಿಕೊಳ್ಳುತ್ತದೆ. ತಿಂಗಳಾಗಿದ್ದರೆ ಆಸೆ ಕಡಿಮೆ. ಪೂರ್ತಿ ಚಾರ್ಜ್ ಮಾಡಿ ಒಂದು ದಿನ ಬಿಟ್ಟ ಮೇಲೂ 12.4 ದಾಟದಿದ್ದರೆ ಬದಲಿಸಿ. ಹೊಸದು ಕೊಳ್ಳುವಾಗ ತಯಾರಾದ ತಿಂಗಳು ಕೇಳಿ, ಅಂಗಡಿಯಲ್ಲೇ ವೋಲ್ಟೇಜ್ ಅಳೆಸಿ. ಅಲ್ಲೂ ಬ್ಯಾಟರಿಗಳು ಸುಮ್ಮನೆ ಕೂತೇ ಇಳಿಯುತ್ತಿರುತ್ತವೆ. ಹಳೆಯದನ್ನು ಅದೇ ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ, ಅದರ ಸೀಸ ನಮ್ಮ ತೋಟದ ಮಣ್ಣಿಗೆ, ಹಳ್ಳಕ್ಕೆ ಇಳಿಯುವುದೂ ತಪ್ಪುತ್ತದೆ.